ಆಟದ ಅಂಗಣವೂ ಪ್ರಜೆಯ ಬೊಕ್ಕಸವೂ

೨೦೨೫ನೆಯ ಇಸವಿಯ ನವೆಂಬರ ತಿಂಗಳಿನಲ್ಲಿ ಬೆಳಗಾವಿ ಜಿಲ್ಲೆಯ ಪ್ರಜೆಗಳು ಎರಡು ಸುದ್ದಿಗಳನ್ನು ಓದಿದರು. ಮೊದಲನೆಯದು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನದು. ಟನ್ನು ಕಬ್ಬಿಗೆ ೩,೫೦೦ ರೂಪಾಯಿ ದರ ದೊರೆಯಬೇಕೆಂದು ಒಕ್ಕಲಿಗರು ಹಿಂದಿನ ತಿಂಗಳ ಕೊನೆಯಿಂದಲೇ ಅಲ್ಲಿ ರಸ್ತೆಯ ಮೇಲೆ ಕುಳಿತಿದ್ದರು. ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಕಾರಖಾನೆಗಳ ಮಾಲೀಕರನ್ನು ಕೂಡಿಸಿ ಮಾತನಾಡಿದ ಮೇಲೆ ೩,೩೦೦ ರೂಪಾಯಿ ಎಂದು ತೀರ್ಮಾನವಾಯಿತು. ಅದರಲ್ಲಿ ಸರಕಾರವು ತನ್ನ ಬೊಕ್ಕಸದಿಂದ ಕೊಡಲೊಪ್ಪಿದ್ದು ಟನ್ನಿಗೆ ೫೦ ರೂಪಾಯಿ. ಎರಡನೆಯ ಸುದ್ದಿಯು ಸಮುದ್ರದಾಚೆಯ ಗ್ಲಾಸ್ಗೋ ಪಟ್ಟಣದಿಂದ ಬಂದಿತು. ಅದೇ ತಿಂಗಳ ೨೬ನೆಯ ತಾರೀಖಿಗೆ ಅಲ್ಲಿ ನೆರೆದಿದ್ದ ಕಾಮನ್‌ವೆಲ್ತ್ ಕ್ರೀಡಾಸಂಸ್ಥೆಯ ಮಹಾಸಭೆಯು ೨೦೩೦ರ ಕೂಟವನ್ನು ಭಾರತಕ್ಕೆ, ಅದರಲ್ಲಿಯೂ ಅಹಮದಾಬಾದ ನಗರಕ್ಕೆ ವಹಿಸಿಕೊಟ್ಟಿತು. ಇದಕ್ಕೆ ಒಂದು ವರುಷ ಮೊದಲೇ, ೨೦೨೪ರ ಅಕ್ಟೋಬರದಲ್ಲಿ, ೨೦೩೬ರ ಒಲಿಂಪಿಕ್ ಕೂಟವನ್ನು ನಡೆಸುವ ಅಪೇಕ್ಷೆಯನ್ನು ಸಹ ಭಾರತವು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಪತ್ರಮುಖೇನ ತಿಳಿಸಿಯಾಗಿತ್ತು. ಟನ್ನಿಗೆ ಐವತ್ತು ರೂಪಾಯಿ ಕೊಡುವಾಗ ಬೆರಳು ಮಡಿಚಿ ಲೆಕ್ಕ ಹಾಕುವ ಆಳರಸರು ಸಾವಿರಾರು ಕೋಟಿಯ ಕೂಟವನ್ನು ಕೇಳಿ ತರುವಾಗ ಯಾವ ಲೆಕ್ಕವನ್ನು ಹಾಕುತ್ತಾರೆಂಬದನ್ನು ವಿಚಾರಿಸುವ ಹಕ್ಕು ಬೈಲಹೊಂಗಲದ ಒಕ್ಕಲಿಗನಿಗೂ ಇರುವದೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆಯನ್ನು ಎತ್ತಿದೊಡನೆ, ಇವರಿಗೆ ದೇಶಾಭಿಮಾನವಿಲ್ಲ, ಆಟದ ರುಚಿಯಿಲ್ಲ ಎಂದು ಹೇಳುವವರುಂಟು. ಆಟದ ರುಚಿಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಜಾತ್ರೆಯೆಂದರೆ ಕುಸ್ತಿಯ ಕಣ. ಜಂಗೀ ನಿಕಾಲಿ ಕುಸ್ತಿ ಇದ್ದ ದಿನ ಹೊಲದ ಕೆಲಸ ತಾನಾಗಿಯೇ ನಿಲ್ಲುವದು. ಕಿತ್ತೂರಿನ ಉತ್ಸವದಲ್ಲಿಯೂ ಪೈಲವಾನರಿಗೆ ಸ್ಥಾನವುಂಟು. ತಾಲೀಮಿನ ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದ ಹುಡುಗನೊಬ್ಬನು ದೇಶದ ನಿಶಾನೆಯ ಕೆಳಗೆ ನಿಂತು ಪದಕ ಧರಿಸಿದರೆ ಇಲ್ಲಿಯ ಜನಕ್ಕೆ ಆಗುವ ಹಿಗ್ಗು ದಿಲ್ಲಿಯವರ ಹಿಗ್ಗಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯದಲ್ಲ. ೨೦೧೦ರಲ್ಲಿ ದಿಲ್ಲಿಯ ಕೂಟದೊಳಗೆ ಸಿರಸಿಯ ಕಾಶಿನಾಥ ನಾಯ್ಕರು ಭರ್ಜಿ ಎಸೆದು ಕಂಚಿನ ಪದಕ ಗೆದ್ದಾಗ, ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು ನಾಲ್ವರ ಓಟದಲ್ಲಿ ಬಂಗಾರಕ್ಕೆ ಪಾಲುದಾರರಾದಾಗ ಕರ್ನಾಟಕವೆಲ್ಲ ಹಿಗ್ಗಿತು. ಭಾರತಕ್ಕೆ ಆ ಕೂಟದಲ್ಲಿ ೩೮ ಬಂಗಾರ ಸೇರಿ ೧೦೧ ಪದಕಗಳು ಬಂದವು. ಆಟಗಾರರು ತಮ್ಮ ಪಾಲಿನ ಕೆಲಸವನ್ನು ನಿರ್ವಂಚನೆಯಿಂದ ಮಾಡಿದರು. ಆಟವನ್ನು ಆಡಿಸಿದವರ ಕೆಲಸವನ್ನು ಕುರಿತು ಆ ಮಾತನ್ನು ಹೇಳಲು ಬಾರದು.

ಆ ವೃತ್ತಾಂತವನ್ನು ಜನರು ಮರೆಯಬಾರದೆಂದು ಇಲ್ಲಿ ಸ್ವಲ್ಪ ವಿಸ್ತರಿಸುತ್ತೇವೆ. ಕೂಟವು ದಿಲ್ಲಿಗೆ ದೊರೆತದ್ದು ೨೦೦೩ರ ನವೆಂಬರದಲ್ಲಿ, ಜಮೈಕಾ ದ್ವೀಪದ ಸಭೆಯಲ್ಲಿ. ಭಾಗವಹಿಸುವ ಒಂದೊಂದು ದೇಶಕ್ಕೂ ಲಕ್ಷ ಡಾಲರು ತರಬೇತಿಯ ಧನವೆಂದು ಕೊಡುವ ಆಸೆಯನ್ನು ತೋರಿಸಿಯೇ ನಮ್ಮವರು ಕೆನಡದ ಹ್ಯಾಮಿಲ್ಟನ್ ಪಟ್ಟಣವನ್ನು ಹಿಂದೆ ಹಾಕಿದರು. ಅಲ್ಲಿಂದ ಕೂಟಕ್ಕೆ ಏಳು ವರುಷಗಳ ಅವಕಾಶವಿದ್ದಿತು. ಆ ವರುಷಗಳು ಸಮಿತಿ, ಉಪಸಮಿತಿ, ಅಧಿಕಾರದ ಜಗ್ಗಾಟಗಳಲ್ಲಿ ಕಳೆದವು. ಕೊನೆಗೆ ಹೊತ್ತು ಮೀರಿತೆಂಬ ನೆವ ಹುಟ್ಟಿತು. ಹೊತ್ತು ಮೀರಿತಾದ್ದರಿಂದ ಟೆಂಡರಿನ ಕಟ್ಟಳೆಗಳನ್ನು ಬದಿಗಿಡಬೇಕಾಯಿತು. ಕಟ್ಟಳೆಗಳು ಬದಿಗೆ ಸರಿದ ಮೇಲೆ ಗುತ್ತಿಗೆದಾರನು ಹೇಳಿದ್ದೇ ಬೆಲೆಯಾಯಿತು. ಇದು ನಮ್ಮ ಊಹೆಯಲ್ಲ. ೨೦೧೧ರ ಆಗಸ್ಟ ೫ರಂದು ಪಾರ್ಲಿಮೆಂಟಿನ ಮುಂದಿಟ್ಟ ವರದಿಯಲ್ಲಿ ಭಾರತದ ಮಹಾಲೇಖಪಾಲರು ತುರ್ತಿನ ಹೆಸರಿನಲ್ಲಿ ಟೆಂಡರಿನ ಪದ್ಧತಿಯನ್ನು ಹೇಗೆ ದಾಟಲಾಯಿತೆಂಬದನ್ನು ಬಿಡಿಸಿ ತೋರಿಸಿದ್ದಾರೆ. ಆ ವರದಿಯ ಪ್ರಕಾರ ಕೂಟಕ್ಕೆ ಸಂಬಂಧಿಸಿದ ಒಟ್ಟು ವೆಚ್ಚದ ಅಂದಾಜು ೧೮,೫೩೨ ಕೋಟಿ ರೂಪಾಯಿ. ಸರಕಾರದ ಮೇಲೆ ಭಾರ ಬೀಳದಂತೆ ಕೂಟವು ತನ್ನ ಖರ್ಚನ್ನು ತಾನೇ ಗಳಿಸಿಕೊಳ್ಳುವದೆಂದು ಸಂಘಟನಾ ಸಮಿತಿಯವರು ಮೊದಲು ಹೇಳಿದ್ದರು.

ಕೂಟವು ಇನ್ನು ಹನ್ನೆರಡು ದಿನಗಳಿರುವಾಗ ಜವಾಹರಲಾಲ ನೆಹರೂ ಕ್ರೀಡಾಂಗಣದ ಬಳಿಯ ಕಾಲ್ಸೇತುವೆಯು ಕುಸಿದು ಅನೇಕ ಕೂಲಿಗಾರರು ಗಾಯಗೊಂಡರು. ಆಟಗಾರರ ವಸತಿಗೆಂದು ಕಟ್ಟಿದ ಗ್ರಾಮದಲ್ಲಿ ಖಾಸಗೀ ಕಟ್ಟಡದಾರನು ಹಣವಿಲ್ಲವೆಂದು ಕೈ ಚೆಲ್ಲಿದಾಗ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವು ಏಳುನೂರು ಕೋಟಿಗೂ ಮೇಲ್ಪಟ್ಟು ಹಣ ತೆತ್ತು ಅವನ ಮನೆಗಳನ್ನು ತಾನೇ ಕೊಂಡಿತು. ಅದೇ ಕಾಲಕ್ಕೆ, ಕ್ರೀಡಾಂಗಣಗಳನ್ನು ಕಟ್ಟುತ್ತಿದ್ದ ಕೂಲಿಗಾರರಿಗೆ ಕಾಯಿದೆಯ ಕನಿಷ್ಠ ಕೂಲಿಯೂ ಸಿಗುತ್ತಿಲ್ಲವೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯೇ ಕಂಡುಹೇಳಿತು. ನಮ್ಮ ಮನಸ್ಸನ್ನು ಎಲ್ಲಕ್ಕೂ ಹೆಚ್ಚಾಗಿ ನೋಯಿಸುವ ಸಂಗತಿ ಬೇರೆಯೇ ಇದೆ. ಪರಿಶಿಷ್ಟ ಜಾತಿಯವರ ಏಳಿಗೆಗೆಂದು ಪ್ರತ್ಯೇಕವಾಗಿ ತೆಗೆದಿರಿಸಿದ ಹಣದಲ್ಲಿ ೬೭೦ ಕೋಟಿಗೂ ಹೆಚ್ಚಿನ ಮೊತ್ತವನ್ನು ದಿಲ್ಲಿ ಸರಕಾರವು ಈ ಕೂಟದ ಕೆಲಸಗಳಿಗೆ ತಿರುಗಿಸಿತ್ತು. ಅದು ತಪ್ಪೆಂದು ೨೦೧೦ರಲ್ಲಿ ಅಂದಿನ ಕೇಂದ್ರ ಗೃಹಮಂತ್ರಿಗಳು ರಾಜ್ಯಸಭೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಕೇರಿಯ ಮಗುವಿನ ವಿದ್ಯಾರ್ಥಿವೇತನದ ಹಣದಿಂದ ಅತಿಥಿಗಳ ಹಾದಿಗೆ ಹೂಕುಂಡ ಇಟ್ಟರೆಂಬ ಮಾತಿಗಿಂತ ಕಟುವಾದ ಟೀಕೆಯನ್ನು ನಾವು ಬರೆಯಲಾರೆವು.

ಮುಂದೆ ಏನಾಯಿತು? ಸಂಘಟನಾ ಸಮಿತಿಯ ಅಧ್ಯಕ್ಷರಾಗಿದ್ದ ಶ್ರೀ ಸುರೇಶ ಕಲ್ಮಾಡಿಯವರು ೨೦೧೧ರ ಏಪ್ರಿಲ್ ೨೫ರಂದು ಬಂಧಿತರಾದರು. ತಿಂಗಳುಗಟ್ಟಲೆ ತಿಹಾರ ಸೆರೆಮನೆಯಲ್ಲಿದ್ದು ಜಾಮೀನಿನ ಮೇಲೆ ಹೊರಬಂದರು. ಹದಿನಾಲ್ಕು ವರುಷಗಳು ಕಳೆದ ಮೇಲೆ, ೨೦೨೫ರ ಏಪ್ರಿಲ್ ತಿಂಗಳಿನಲ್ಲಿ, ಹಣದ ಅಕ್ರಮ ವಹಿವಾಟಿನ ಮೊಕದ್ದಮೆಯಲ್ಲಿ ಅಪರಾಧಕ್ಕೆ ಆಧಾರ ಸಿಗಲಿಲ್ಲವೆಂದು ಜಾರಿ ನಿರ್ದೇಶನಾಲಯದವರು ಸಲ್ಲಿಸಿದ ಮುಕ್ತಾಯದ ವರದಿಯನ್ನು ದಿಲ್ಲಿಯ ನ್ಯಾಯಾಲಯವು ಸ್ವೀಕರಿಸಿತು. ನ್ಯಾಯಾಲಯದ ತೀರ್ಮಾನಕ್ಕೆ ನಾವು ತಲೆಬಾಗುತ್ತೇವೆ. ಆದರೆ ಇದರಿಂದ ಎರಡರಲ್ಲೊಂದು ಅರ್ಥ ಹೊರಡಲೇಬೇಕು. ನಿರಪರಾಧಿಗಳನ್ನು ಹದಿನಾಲ್ಕು ವರುಷ ಕಳಂಕಿತರನ್ನಾಗಿ ಇಟ್ಟದ್ದು ನಿಜವಾದರೆ ಅದು ಘೋರ ಅನ್ಯಾಯ. ಹಣವನ್ನು ನುಂಗಿದವರು ಬೇರೆ ಯಾರಾದರೂ ಇದ್ದರೆ ಅವರ ಹೆಸರನ್ನು ಪ್ರಜೆಯು ಇಂದಿಗೂ ಅರಿಯನು. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆ ಇಂಥ ಪ್ರಸಂಗಕ್ಕಾಗಿಯೇ ಹುಟ್ಟಿರಬೇಕು.

ಇದು ದಿಲ್ಲಿಯವರ ರೋಗ, ನಮಗೇನು ಎನ್ನುವ ವಾಚಕರಿಗೆ ಅದೇ ೨೦೧೧ನೆಯ ಇಸವಿಯನ್ನು ಜ್ಞಾಪಿಸುತ್ತೇವೆ. ಮಹಾಲೇಖಪಾಲರ ವರದಿಗೆ ಕೇವಲ ಒಂಬತ್ತು ದಿನ ಮೊದಲು, ಜುಲೈ ೨೭ರಂದು, ಕರ್ನಾಟಕದ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಕುರಿತು ತಮ್ಮ ವರದಿಯನ್ನು ಒಪ್ಪಿಸಿದ್ದರು. ರಾಜ್ಯಕ್ಕಾದ ನಷ್ಟವನ್ನು ಅವರು ೧೬,೦೮೫ ಕೋಟಿ ರೂಪಾಯಿ ಎಂದು ಎಣಿಸಿದರು. ಈ ಎರಡು ಕತೆಗಳಿಗೆ ಕೊಂಡಿಯೂ ಉಂಟು. ೨೦೦೮ರ ಒಲಿಂಪಿಕ್ ಕೂಟಕ್ಕಾಗಿ ಬೀಜಿಂಗ್ ಪಟ್ಟಣವು ಮೈತುಂಬಿಕೊಳ್ಳುತ್ತಿದ್ದ ವರುಷಗಳಲ್ಲಿ ಚೀನದ ಕಬ್ಬಿಣದ ಹಸಿವು ಲೋಕದ ಅದಿರಿನ ಬೆಲೆಯನ್ನೆಲ್ಲ ಮೇಲಕ್ಕೆತ್ತಿತು. ಒಂದು ಕೂಟದಿಂದಲೇ ಅಷ್ಟಾಯಿತೆಂದು ನಾವು ಹೇಳುವದಿಲ್ಲ. ಆ ದೇಶವೇ ಅಂದು ಕಟ್ಟಡಗಳ ಭರದಲ್ಲಿದ್ದಿತು. ಆದರೆ ಆ ಬೆಲೆಯ ಬಿಸಿಗೆ ಸೊಂಡೂರಿನ ಗುಡ್ಡಗಳು ಕರಗಿ, ಲಾರಿಗಳ ಮೇಲೆ ಹೇರಿಸಿಕೊಂಡು, ಬೇಲೆಕೇರಿಯ ಬಂದರದಿಂದ ಹಡಗು ಹತ್ತಿ ಹೋದವು. ಆ ದುಡ್ಡಿನ ಮೇಲೆ ಬೆಂಗಳೂರಿನಲ್ಲಿ ಮಂತ್ರಿಮಂಡಲಗಳು ಏರಿದವು, ಇಳಿದವು. ಲೋಕಾಯುಕ್ತರ ವರದಿ ಬಂದ ನಾಲ್ಕನೆಯ ದಿನ ಮುಖ್ಯಮಂತ್ರಿ ಶ್ರೀ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ೨೦೧೬ರಲ್ಲಿ ವಿಶೇಷ ನ್ಯಾಯಾಲಯವು ಲಂಚದ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ದಿಲ್ಲಿಯಲ್ಲಿ ಒಂದು ಪಕ್ಷದ ಸರಕಾರ, ಬೆಂಗಳೂರಿನಲ್ಲಿ ಅದರ ವೈರಿ ಪಕ್ಷದ ಸರಕಾರ. ಒಂದೇ ಪಕ್ಷವಾರದೊಳಗೆ ಎರಡರ ಬಟ್ಟೆಯೂ ಬಯಲಿನಲ್ಲಿ ಬಿಚ್ಚಿತು. ಇಂಥ ರೋಗಕ್ಕೆ ಪಕ್ಷದ ಬಣ್ಣವಿದೆಯೆಂದು ನಂಬುವವರು ಈ ಎರಡು ತಾರೀಖುಗಳನ್ನು ಒಮ್ಮೆ ಕೂಡಿಸಿ ನೋಡಬೇಕು.

ಇನ್ನು ಬ್ರಾಝಿಲ್ ದೇಶದ ಕತೆ. ೨೦೩೬ರ ಕನಸನ್ನು ಕಾಣುವವರೆಲ್ಲ ಇದನ್ನು ಬಾಯಿಪಾಠ ಮಾಡಬೇಕು. ೨೦೦೯ರ ಅಕ್ಟೋಬರದಲ್ಲಿ ಕೋಪನ್‌ಹೇಗನ್ನಿನಲ್ಲಿ ರಿಯೋ ಡಿ ಜನೈರೊ ಪಟ್ಟಣಕ್ಕೆ ಒಲಿಂಪಿಕ್ ಕೂಟವು ದೊರೆತಾಗ ಆ ದೇಶದ ಅಧ್ಯಕ್ಷ ಲೂಲಾ ಅವರು ಸಂತೋಷದಿಂದ ಕಣ್ಣೀರಿಟ್ಟರು. ೨೦೧೪ರ ಕಾಲ್ಚೆಂಡಿನ ವಿಶ್ವಕಪ್ಪು ಅದಕ್ಕೆ ಮೊದಲೇ ಕೈಸೇರಿತ್ತು. ಕಬ್ಬಿಣದ ಅದಿರು, ಸೋಯಾಬೀನು, ಎಣ್ಣೆಗಳ ಬೆಲೆ ಏರುತ್ತಿದ್ದಿತು. ೨೦೧೦ರಲ್ಲಿ ಆ ದೇಶದ ಉತ್ಪನ್ನವು ಶೇಕಡಾ ಏಳೂವರೆಯಷ್ಟು ಬೆಳೆಯಿತು. ಕ್ರೀಡಾಂಗಣಗಳು ಖಾಸಗೀ ಬಂಡವಾಳದಿಂದಲೇ ಏಳುವವೆಂದು ಸಾರಲಾಗಿತ್ತು. ಎದ್ದು ನಿಂತ ಹನ್ನೆರಡರ ಪೈಕಿ ಬಹುಭಾಗಕ್ಕೆ ಸುರಿದದ್ದು ಪ್ರಜೆಗಳ ಹಣ. ರಾಜಧಾನಿ ಬ್ರಸೀಲಿಯಾದಲ್ಲಿ ಹೇಳಿಕೊಳ್ಳುವಂಥ ಕಾಲ್ಚೆಂಡಿನ ತಂಡವೇ ಇರಲಿಲ್ಲ. ಅಲ್ಲಿಯೇ ಎಲ್ಲಕ್ಕೂ ದುಬಾರಿಯ ಅಂಗಣವನ್ನು ಕಟ್ಟಿದರು. ವಿಶ್ವಕಪ್ಪು ಮುಗಿದ ಮರುವರುಷ ಅದರ ಆವರಣವು ಬಸ್ಸುಗಳನ್ನು ನಿಲ್ಲಿಸುವ ಜಾಗವಾಯಿತು. ೨೦೧೭ರಲ್ಲಿ ಆ ಪ್ರಾಂತದ ಇಬ್ಬರು ಮಾಜಿ ಗವರ್ನರರು ಆ ಕಟ್ಟಡದ ವ್ಯವಹಾರಕ್ಕಾಗಿಯೇ ಬಂಧಿತರಾದರು.

ಜನರು ಸುಮ್ಮನಿರಲಿಲ್ಲವೆಂಬದನ್ನು ಹೇಳಲೇಬೇಕು. ೨೦೧೩ರ ಜೂನ ತಿಂಗಳಿನಲ್ಲಿ ಸಾವೊ ಪಾವ್ಲೊ ಪಟ್ಟಣದಲ್ಲಿ ಬಸ್ಸಿನ ದರವನ್ನು ಇಪ್ಪತ್ತು ಸೆಂಟಾವೊ ಹೆಚ್ಚಿಸಿದರು. ಅದು ನಮ್ಮಲ್ಲಿ ಕೆಲವು ರೂಪಾಯಿ ಏರಿಸಿದಂತೆ. ಅಷ್ಟಕ್ಕೇ ಲಕ್ಷಾಂತರ ಜನ ಬೀದಿಗಿಳಿದರು. ಕ್ರೀಡಾಂಗಣಗಳಿಗೆ ವಿಧಿಸಿದ ಅಂತರರಾಷ್ಟ್ರೀಯ ದರ್ಜೆ ನಮ್ಮ ಆಸ್ಪತ್ರೆಗಳಿಗೂ ಸಾಲೆಗಳಿಗೂ ಬೇಕೆಂದು ಅವರು ಫಲಕ ಹಿಡಿದರು. ಕಾಲ್ಚೆಂಡನ್ನು ದೇವರಂತೆ ಪೂಜಿಸುವ ಜನವೇ ಆ ಮಾತನ್ನಾಡಿತು! ಮಾರನೆಯ ವರುಷದ ಮಾರ್ಚಿಯಲ್ಲಿ ಸರಕಾರಿ ಎಣ್ಣೆಯ ಸಂಸ್ಥೆಯಾದ ಪೆಟ್ರೊಬ್ರಾಸಿನ ಗುತ್ತಿಗೆಗಳ ಲಂಚವನ್ನು ಶೋಧಿಸುವ ಕಾರ್ಯವು ಮೊದಲಾಯಿತು. ಎಣ್ಣೆಯ ಗುತ್ತಿಗೆ ಹಿಡಿದ ದೊಡ್ಡ ಕಂಪನಿಗಳೇ ಕ್ರೀಡಾಂಗಣಗಳನ್ನೂ ಕಟ್ಟುತ್ತಿದ್ದವು. ದಾರ ಹಿಡಿದು ಎಳೆದಂತೆ ಎಲ್ಲವೂ ಬಿಚ್ಚಿತು. ಅಷ್ಟರಲ್ಲಿ ಅದಿರು ಎಣ್ಣೆಗಳ ಬೆಲೆ ಬಿದ್ದಿತು. ಉತ್ಪನ್ನವು ೨೦೧೫ರಲ್ಲಿ ಶೇಕಡಾ ಮೂರೂವರೆ, ೨೦೧೬ರಲ್ಲಿ ಮೂರಕ್ಕೂ ಹೆಚ್ಚು ಕುಸಿಯಿತು. ಒಲಿಂಪಿಕ್ ಜ್ಯೋತಿ ಹೊತ್ತುವದಕ್ಕೆ ಏಳು ವಾರ ಮೊದಲು ರಿಯೋ ಪ್ರಾಂತದ ಸರಕಾರವು ತನ್ನ ಹಣಕಾಸಿಗೆ ಮಹಾವಿಪತ್ತು ಒದಗಿದೆಯೆಂದು ಅಧಿಕೃತವಾಗಿ ಘೋಷಿಸಿತು. ಸಂಬಳ ತಡವಾದ ಪೋಲೀಸರು ವಿಮಾನ ನಿಲ್ದಾಣದಲ್ಲಿ ನಿಂತು, ನರಕಕ್ಕೆ ಸ್ವಾಗತವೆಂಬ ಫಲಕ ಹಿಡಿದು ಪ್ರವಾಸಿಗಳನ್ನು ಎದುರುಗೊಂಡರು. ಕೂಟವು ಆಗಸ್ಟ ೨೧ಕ್ಕೆ ಮುಗಿಯಿತು. ಹತ್ತನೆಯ ದಿನ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರು ಪದಚ್ಯುತರಾದರು. ಅವರ ಮೇಲಿನ ಆರೋಪವು ಲಂಚದ್ದಲ್ಲ, ಆಯವ್ಯಯದ ಲೆಕ್ಕವನ್ನು ತಿರುಚಿದ್ದು. ರಿಯೋ ಪ್ರಾಂತದ ಮಾಜಿ ಗವರ್ನರ ಸೆರ್ಜಿಯೊ ಕಬ್ರಾಲನು ಅದೇ ನವೆಂಬರದಲ್ಲಿ ಸೆರೆಯಾದನು. ಕೂಟವನ್ನು ತರಲು ಮತಗಳನ್ನು ಸುಮಾರು ಇಪ್ಪತ್ತು ಲಕ್ಷ ಡಾಲರಿಗೆ ಕೊಳ್ಳಲಾಯಿತೆಂದು ೨೦೧೯ರಲ್ಲಿ ನ್ಯಾಯಾಧೀಶನ ಮುಂದೆ ತಾನೇ ಹೇಳಿದನು.

ಬ್ರಾಝಿಲಿನ ಆರ್ಥಿಕ ಪತನಕ್ಕೆ ಕ್ರೀಡಾಕೂಟಗಳೇ ಕಾರಣವೆಂದು ಬರೆಯುವವರನ್ನು ನಾವು ಒಪ್ಪುವದಿಲ್ಲ. ಅಷ್ಟು ದೊಡ್ಡ ದೇಶವು ಹನ್ನೆರಡು ಕ್ರೀಡಾಂಗಣಗಳ ಭಾರಕ್ಕೆ ಮುಳುಗಲಾರದು. ಸುಗ್ಗಿಯ ಬೆಲೆ ಸದಾಕಾಲ ನಿಲ್ಲುವದೆಂದು ನಂಬಿ ಸಾಲ ಎತ್ತಿದ ಒಕ್ಕಲಿಗನ ಗತಿಯೇ ಅದಕ್ಕೂ ಬಂದಿತು. ಕೂಟವು ಮಾಡಿದ ಕೆಡಕು ಬೇರೆ ತರದ್ದು. ದೇಶದ ಮಾನವೆಂಬ ಪರದೆಯನ್ನು ಅದು ಕಳ್ಳರಿಗೆ ಒದಗಿಸಿಕೊಟ್ಟಿತು. ಪ್ರಶ್ನೆ ಕೇಳಿದವನನ್ನು ದ್ರೋಹಿಯನ್ನಾಗಿ ಮಾಡಿತು. ಮುಂದೂಡಲು ಬಾರದ ತಾರೀಖನ್ನು ಮುಂದಿಟ್ಟು ಎಲ್ಲ ಕಟ್ಟಳೆಗಳನ್ನೂ ಸಡಿಲಿಸಿತು. ಇನ್ನೊಂದು ಸಂಗತಿಯನ್ನೂ ಮರೆಮಾಡಲಾರೆವು. ಲಂಚವನ್ನು ಬೇಟೆಯಾಡಿ ಹೆಸರು ಪಡೆದ ನ್ಯಾಯಾಧೀಶ ಮೊರೊ ಅವರು ಮುಂದೆ ಬೊಲ್ಸೊನಾರೊ ಅವರ ಮಂತ್ರಿಮಂಡಲವನ್ನು ಸೇರಿದರು; ಲೂಲಾ ಅವರ ವಿಚಾರಣೆಯಲ್ಲಿ ಅವರು ಪಕ್ಷಪಾತ ಮಾಡಿದರೆಂದು ೨೦೨೧ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ನಿರ್ಣಯಿಸಿತು; ಅನೇಕ ಶಿಕ್ಷೆಗಳು ರದ್ದಾದವು. ಕಳ್ಳನನ್ನು ಹಿಡಿಯುವ ಕೆಲಸವೂ ರಾಜಕಾರಣದ ಪಗಡೆಯಾದರೆ ಪ್ರಜೆಗೆ ಹಣವೂ ಇಲ್ಲ, ನ್ಯಾಯವೂ ಇಲ್ಲ.

ನೆರೆಯ ಸಿಂಹಳದಲ್ಲಿ ಇದೇ ನಾಟಕವು ಚಿಕ್ಕ ರಂಗದ ಮೇಲೆ ನಡೆಯಿತು. ಅಧ್ಯಕ್ಷ ಮಹಿಂದ ರಾಜಪಕ್ಷರ ಹುಟ್ಟುಜಿಲ್ಲೆಯಾದ ಹಂಬನತೋಟದಲ್ಲಿ, ಕಾಡಿನ ಅಂಚಿಗೆ, ೨೦೧೧ರ ಕ್ರಿಕೆಟ್ ವಿಶ್ವಕಪ್ಪಿಗಾಗಿ ಅವರ ಹೆಸರಿನ ಕ್ರೀಡಾಂಗಣವು ಎದ್ದಿತು. ಅದೇ ಊರಿಗೆ ೨೦೧೮ರ ಕಾಮನ್‌ವೆಲ್ತ್ ಕೂಟವನ್ನು ತರಲು ಹೋಗಿ ಸೋತರು. ೨೦೨೨ರ ಏಪ್ರಿಲಿನಲ್ಲಿ ಆ ದ್ವೀಪವು ಪರದೇಶದ ಸಾಲ ತೀರಿಸಲಾರೆನೆಂದು ಕೈಯೆತ್ತಿತು. ಜುಲೈ ತಿಂಗಳಿನಲ್ಲಿ ಗಾಲೆಯ ಅಂಗಣದಲ್ಲಿ ಆಸ್ಟ್ರೇಲಿಯಾದೊಡನೆ ಆಟ ಸಾಗಿದ್ದಾಗಲೇ ಪಕ್ಕದ ಕೋಟೆಯ ಮೇಲೆ ಜನರು ನಿಂತು ಅಧ್ಯಕ್ಷ ಗೋಟಾಬಯ ತೊಲಗಬೇಕೆಂದು ಕೂಗಿದರು. ಕೆಲವು ದಿನಗಳಲ್ಲಿ ಅವರು ದೇಶ ಬಿಟ್ಟು ಓಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದವರ ಕತೆ ಇಷ್ಟೇ.

ಉಳ್ಳವರು ಈ ಕೂಟದಿಂದ ಹಿಂದೆ ಸರಿಯುತ್ತಿರುವದನ್ನೂ ವಾಚಕರು ಗಮನಿಸಬೇಕು. ೨೦೨೬ರ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತವು ಖರ್ಚು ಮಿತಿಮೀರುವದೆಂದು ೨೦೨೩ರ ಜುಲೈಯಲ್ಲಿ ಕೈಬಿಟ್ಟಿತು. ಗ್ಲಾಸ್ಗೋ ಅದನ್ನು ಹತ್ತೇ ಆಟಗಳಿಗೆ ಇಳಿಸಿ ವಹಿಸಿಕೊಂಡಿತು. ೨೦೩೦ಕ್ಕೆ ಯತ್ನಿಸುತ್ತಿದ್ದ ಕೆನಡದ ಆಲ್ಬರ್ಟಾ ಪ್ರಾಂತವೂ ಅದೇ ವರುಷ ಹಿಂದೆಗೆಯಿತು. ನಮಗಿಂತ ಎಷ್ಟೋ ಶ್ರೀಮಂತರಾದವರು ಬೇಡವೆಂದು ಬಿಟ್ಟ ಎತ್ತನ್ನು ಸಂತೆಯಲ್ಲಿ ಕೊಂಡು ಬರುವಾಗ ಅದರ ಹಲ್ಲನ್ನಾದರೂ ನೋಡಬೇಡವೇ?

ದೊಡ್ಡ ಕೂಟವೆಂದರೆ ಲೂಟಿಯಾಗಲೇಬೇಕು, ಅದು ಲೋಕದ ರೀತಿ, ಎಂದು ನಿಟ್ಟುಸಿರು ಬಿಡುವವರಿಗೆ ನಮ್ಮ ಜಿಲ್ಲೆಯ ಇತಿಹಾಸವೇ ಉತ್ತರ ಕೊಡುವದು. ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆ ಒತ್ತಿ ಸಂಸ್ಥಾನವನ್ನು ನುಂಗಬಂದ ಥ್ಯಾಕರೆಯು ೧೮೨೪ರ ಅಕ್ಟೋಬರ ೨೩ರಂದು ಅಲ್ಲಿಯೇ ಉರುಳಿದನು. ಅದಕ್ಕೆ ನೂರು ವರುಷ ತುಂಬಿದ ೧೯೨೪ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ರಾಷ್ಟ್ರೀಯ ಸಭೆಯ ಅಧಿವೇಶನ ನೆರೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಕರ್ನಾಟಕ ಸಿಂಹರೆನಿಸಿದ ಗಂಗಾಧರರಾವ ದೇಶಪಾಂಡೆಯವರು ಹೊಣೆ ಹೊತ್ತರು. ಡಾಕ್ಟರ ಹರ್ಡೀಕರರ ಸೇವಾದಳದವರು ಸೇವೆಗೆ ನಿಂತರು. ಬಯಲಿನಲ್ಲಿ ವಿಜಯನಗರವೆಂಬ ಹೊಸ ಊರೇ ಎದ್ದಿತು. ದೇಶದ ಮೂಲೆಮೂಲೆಗಳಿಂದ ಜನ ಹರಿದುಬಂದಿತು. ಗಾಂಧಿಯವರಿಗೆಂದು ಬಿದಿರು ಖಾದಿಗಳಿಂದ ಕಟ್ಟಿದ ಗುಡಿಸಲಿಗೆ ಸುಮಾರು ೩೫೦ ರೂಪಾಯಿ ಬಿದ್ದದ್ದನ್ನು ಕೇಳಿ, ಇದು ಗುಡಿಸಲಲ್ಲ, ಖಾದಿಯ ಅರಮನೆಯೆಂದು ಅವರು ಆಕ್ಷೇಪಿಸಿದರು. ಅಧ್ಯಕ್ಷನೇ ತನ್ನ ಮನೆಯ ಖರ್ಚನ್ನು ಆಕ್ಷೇಪಿಸಿದ ಕೂಟವನ್ನು ನಮ್ಮ ಜಿಲ್ಲೆಯ ಹಿರಿಯರು ಕಣ್ಣಾರೆ ಕಂಡಿದ್ದರು! ಎಲ್ಲ ಮುಗಿದ ಮೇಲೆ ಲೆಕ್ಕ ನೋಡಿದರೆ ಏಳುನೂರು ರೂಪಾಯಿಗಳಿಗೂ ಮೇಲ್ಪಟ್ಟು ಹಣ ಉಳಿದಿತ್ತು. ಅದರಲ್ಲಿ ಬಹುಭಾಗವನ್ನು ಬ್ಯಾಂಕಿನಲ್ಲಿ ಇಟ್ಟು ಲೆಕ್ಕ ಒಪ್ಪಿಸಿದರು. ನೆರೆದ ಜನರ ನೀರಿಗೆಂದು ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಕಾಂಗ್ರೆಸ್ ಬಾವಿಯೆಂದೇ ಅದರ ಹೆಸರು. ಉಳಿಕೆಯ ಹಣ, ಉಳಿದ ಬಾವಿ: ಕೂಟ ನಡೆಸುವವರು ಬಿಟ್ಟುಹೋಗಬೇಕಾದದ್ದು ಇವೆರಡು.

ಹಳ್ಳಿಯ ಜಾತ್ರೆಯ ಕಮಿಟಿಯವರು ಕುಸ್ತಿಗೆಂದು ಪಟ್ಟಿ ಎತ್ತಿದರೆ, ಯಾವ ಪೈಲವಾನನಿಗೆ ಏನು ಕೊಟ್ಟೆವು, ಹಲಗೆಯವನಿಗೆಷ್ಟು, ಮಂಟಪಕ್ಕೆಷ್ಟು ಎಂದು ಗುಡಿಯ ಕಟ್ಟೆಯ ಮೇಲೆ ಓದಿ ಹೇಳುವ ರೂಢಿ ನಮ್ಮ ಸೀಮೆಯಲ್ಲಿ ಉಂಟು. ಎರಡು ರೂಪಾಯಿ ಹೊಂದದಿದ್ದರೆ ಅಲ್ಲಿಯೇ ಜಗಳ ಏಳುವದು. ಆ ಜಗಳವನ್ನು ನಾವು ಗೌರವಿಸುತ್ತೇವೆ.

ಕರ್ನಾಟಕ ಸರಕಾರವೂ ಈ ವಿಷಯದಲ್ಲಿ ಬೆರಳು ತೋರಿಸುವ ಮೊದಲು ತನ್ನ ಕೈಯನ್ನು ನೋಡಿಕೊಳ್ಳಬೇಕು. ೨೦೨೫ರ ಜೂನ ೪ರಂದು ಬೆಂಗಳೂರಿನ ಕ್ರಿಕೆಟ್ ತಂಡದ ವಿಜಯೋತ್ಸವದಲ್ಲಿ, ಮಂತ್ರಿಗಳು ವಿಧಾನಸೌಧದ ಮೆಟ್ಟಿಲುಗಳ ಮೇಲೆ ಆಟಗಾರರನ್ನು ಸನ್ಮಾನಿಸುತ್ತಿದ್ದ ಸಂಜೆಯೇ, ಚಿನ್ನಸ್ವಾಮಿ ಅಂಗಣದ ಬಾಗಿಲುಗಳ ಹೊರಗೆ ೧೧ ಜನ ತುಳಿತಕ್ಕೆ ಸಿಕ್ಕು ಸತ್ತರು. ಪರಿಶಿಷ್ಟರ ಹಣದ ಮಾತಿಗೆ ಬಂದರೆ, ೨೦೨೩-೨೪ರಲ್ಲಿ ಆ ಉಪಯೋಜನೆಗಳ ೧೧,೧೦೦ ಕೋಟಿಗೂ ಹೆಚ್ಚಿನ ಮೊತ್ತವನ್ನು ರಾಜ್ಯ ಸ��ಕಾರವು ತನ್ನ ಗ್ಯಾರಂಟಿ ಯೋಜನೆಗಳ ಕಡೆಗೆ ಹೊಂದಿಸಿತು. ಆ ಯೋಜನೆಗಳ ಲಾಭವು ಅದೇ ಜನಕ್ಕೆ ಮುಟ್ಟುವದೆಂಬದು ಸರಕಾರದ ಸಮರ್ಥನೆ. ಅದು ನಿಜವೇ ಇರಬಹುದು. ಆದರೆ ಎಲ್ಲರಿಗೂ ಸಲ್ಲುವ ಪಾಲು ಅವರಿಗೂ ಸಂದರೆ, ಅವರಿಗೆ ಮಾತ್ರ ಸಲ್ಲಬೇಕಾದ ಪಾಲು ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಹಾಗೆಯೇ ಉಳಿಯುವದು.

೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ಕ್ರೀಡಾ ಆಡಳಿತದ ಕಾಯಿದೆಯನ್ನು ಮಾಡಿದೆ. ಸರಕಾರದ ನೆರವು ಪಡೆಯುವ ಕ್ರೀಡಾಸಂಸ್ಥೆಗಳು ಮಾಹಿತಿ ಹಕ್ಕಿನ ಕಾಯಿದೆಗೆ ಒಳಪಡುವವು. ಹಣದ ಹೊಳೆಯಲ್ಲಿಯೇ ಮುಳುಗಿರುವ ಕ್ರಿಕೆಟ್ ಮಂಡಳಿಯು ನೆರವು ಪಡೆಯುವದಿಲ್ಲವೆಂಬ ಕಾರಣದಿಂದ ಹೊರಗುಳಿಯುವದು. ಅಹಮದಾಬಾದ ಕೂಟದ ಸಂಘಟನೆಗೆ ಇಂಥ ಯಾವ ಸಂದೂ ಇರಕೂಡದು. ದಿಲ್ಲಿಯ ಸಮಿತಿಯು ನೋಂದಾಯಿತ ಸಂಘವೆಂಬ ಅಂಗಿ ತೊಟ್ಟು, ಹಣವನ್ನು ಸರಕಾರದಿಂದಲೂ ಸ್ವಾತಂತ್ರ್ಯವನ್ನು ಖಾಸಗಿಯವರಂತೆಯೂ ಅನುಭವಿಸಿದ್ದನ್ನು ಮತ್ತೊಮ್ಮೆ ನೋಡಲು ದೇಶವು ಸಿದ್ಧವಿಲ್ಲ. ಮೂರು ತಿಂಗಳಿಗೊಮ್ಮೆ ಗುತ್ತಿಗೆಗಳ ಯಾದಿ, ಗುತ್ತಿಗೆದಾರರ ಹೆಸರು, ಒಪ್ಪಿದ ಬೆಲೆ, ಕೊಟ್ಟ ಹಣ ಇವೆಲ್ಲ ದೇಶಭಾಷೆಗಳಲ್ಲಿ ಪ್ರಕಟವಾಗಬೇಕು. ಕನ್ನಡದಲ್ಲಿಯೂ ಆಗಬೇಕು, ಯಾಕಂದರೆ ಸವದತ್ತಿಯ ಅಂಗಡಿಕಾರನು ಕೊಡುವ ತೆರಿಗೆಯೂ ಅದರಲ್ಲಿ ಸೇರುವದು. ಮಹಾಲೇಖಪಾಲರ ತಪಾಸಣೆಯು ಹೆಣದ ಪರೀಕ್ಷೆಯಂತೆ ಕೊನೆಗೆ ಬರದೆ ಕೆಲಸ ನಡೆದಿರುವಾಗಲೇ ಸಾಗಬೇಕು. ತುರ್ತೆಂಬ ಕಾರಣದಿಂದ ಟೆಂಡರು ಬಿಟ್ಟ ಪ್ರತಿಯೊಂದು ಗುತ್ತಿಗೆಗೂ ಸಹಿ ಮಾಡಿದ ಅಧಿಕಾರಿಯ ಹೆಸರು ಎದ್ದು ಕಾಣುವಂತೆ ಅಚ್ಚಾಗಬೇಕು. ಕೂಲಿಗಾರರ ಹಾಜರಿಪಟ್ಟಿಯೂ ಕೂಲಿಯ ಪಾವತಿಯೂ ಇದೇ ಲೆಕ್ಕದ ಭಾಗವಾಗಬೇಕು.

ನಮ್ಮ ಜಿಲ್ಲೆಯ ಪಾರ್ಲಿಮೆಂಟ ಸದಸ್ಯರು ಯಾವ ಪಕ್ಷದವರೇ ಇರಲಿ, ಈ ಬೇಡಿಕೆಯನ್ನು ಲೋಕಸಭೆಯಲ್ಲಿ ಎತ್ತಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಮಹದಾಯಿಯ ನ್ಯಾಯಮಂಡಳಿಯು ೨೦೧೮ರಲ್ಲಿ ತೀರ್ಪಿತ್ತು, ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ ೩.೯ ಟಿಎಂಸಿ ನೀರನ್ನು ಒಪ್ಪಿತು. ಅದರ ಕಾಲುವೆಗಾಗಿ ಕಾಗದಗಳು ದಿಲ್ಲಿಯ ಕಚೇರಿಗಳಲ್ಲಿ ವರುಷಗಟ್ಟಲೆ ತಿರುಗಿದವು; ಅಲ್ಲಿ ಯಾರಿಗೂ ತುರ್ತು ಕಾಣಲಿಲ್ಲ. ತುರ್ತೆಂಬ ಮಾತು ಯಾವ ಕೆಲಸಕ್ಕೆ ಹುಟ್ಟುವದು, ಯಾವದಕ್ಕೆ ಹುಟ್ಟುವದಿಲ್ಲ ಎಂಬದನ್ನು ಸದಸ್ಯರು ಅದೇ ಉಸಿರಿನಲ್ಲಿ ಕೇಳಿಬಿಡಲಿ. ಅಹಮದಾಬಾದ ಕೂಟದ ಮೊದಲ ಲೆಕ್ಕಪತ್ರವು ಹೊರಬಿದ್ದ ದಿನ ಅದನ್ನು ಈ ಪುಟದ ಮೇಲೆ ಅಂಕಿಗೊಂದು ಅಂಕಿಯಾಗಿ ಅಚ್ಚು ಹಾಕಲು ನಾವು ಸ್ಥಳವನ್ನು ಕಾಯ್ದಿರಿಸಿದ್ದೇವೆ.